ಕಣಿವೆ ಹಿಡಿದ ದಾರಿ: ರಾಜ್ಯ ಹೆದ್ದಾರಿ 17ರ ಬೆಂಗಳೂರು ಹೊರವಲಯದ ಭಾಗ

ರಾಜ್ಯ ಹೆದ್ದಾರಿ 17 ಎಂಬ ಸಂಖ್ಯೆ ಈಗ ಬಳಕೆಯಲ್ಲಿಲ್ಲ. ಬೆಂಗಳೂರು–ಮೈಸೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 275ರ ಭಾಗವಾಗಿದೆ. ಪತ್ರಿಕೆಗಳಿಗೆ ಅದು ದಶಪಥ, ಊರವರಿಗೆ ಮೊದಲಿನ ಹಾಗೆಯೇ ಮೈಸೂರು ರಸ್ತೆ. ಈ ರಸ್ತೆಯ ಕುರಿತ ಬರವಣಿಗೆಯಲ್ಲಿ ಹೆಚ್ಚಿನ ಗಮನ ಸಿಕ್ಕಿರುವುದು ಅದರ ಎರಡು ತುದಿಗಳಿಗೆ. ನಡುವಿನ ನೆಲವೆಂದರೆ ಎಷ್ಟು ಗಂಟೆಯ ಪ್ರಯಾಣ ಎಂಬ ಲೆಕ್ಕ ಮಾತ್ರ. ಪ್ರಸ್ತುತ ಲೇಖನ ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ಬಿಡದಿಯವರೆಗಿನ ಮೂವತ್ತು ಚಿಲ್ಲರೆ ಕಿಲೋಮೀಟರ್‌ಗಳಿಗೆ ಸೀಮಿತವಾಗಿದೆ. ಈ ಭಾಗವನ್ನು ರೂಪಿಸಿದ್ದು ಮೈಸೂರಿನ ಸೆಳೆತಕ್ಕಿಂತ ಹೆಚ್ಚಾಗಿ ವೃಷಭಾವತಿ ಕಣಿವೆ ಎಂಬುದು ಇಲ್ಲಿನ ವಾದ. ಕಣಿವೆ ಒಂದೇ ಆದ್ದರಿಂದ ಪ್ರತಿ ತಲೆಮಾರಿನ ಹೊಸ ಮಾರ್ಗವೂ ಅದರೊಳಗೇ ಬಂದು ಸೇರಿತು. ಹೊಸದು ಬಂದಾಗ ಹಳೆಯದನ್ನು ಯಾರೂ ಮುಚ್ಚಲಿಲ್ಲ. ಅದರ ದರ್ಜೆ ಇಳಿಯಿತು, ಅದರ ಯಜಮಾನ ಬದಲಾದ.

ನೆಲದ ಏರಿಳಿತದಿಂದಲೇ ತೊಡಗುವುದು ಸರಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಬೆಂಗಳೂರು ಕುಳಿತಿದೆ. ದಿಬ್ಬದ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ರಾಮನಗರದ ಎತ್ತರ 750 ಮೀಟರ್‌ನ ಆಸುಪಾಸು. ಅಂದರೆ ಪೇಟೆಯಿಂದ ನೈಋತ್ಯಕ್ಕೆ ಹೊರಟ ಗಾಡಿ ಐವತ್ತು ಕಿಲೋಮೀಟರಿನೊಳಗೆ ನೂರೈವತ್ತು ಮೀಟರ್ ಇಳಿಯಬೇಕು. ಎತ್ತುಗಳಿಗೆ ಹಿತವಾಗಿ ಇಳಿಯಲು ಇದ್ದ ಹಾದಿ ನದಿಯ ಮಗ್ಗುಲು. ಬ್ಯಾಟರಾಯನಪುರದಿಂದ ಕೆಂಗೇರಿಯವರೆಗೆ ರಸ್ತೆ ನದಿಯ ಜೊತೆಗೇ ಸಾಗಿ, ಅಲ್ಲಿ ಅದನ್ನು ಬಿಟ್ಟು ಕುಂಬಳಗೋಡಿನ ಕಡೆ ಮುಂದುವರಿಯುತ್ತದೆ. ನದಿ ದಕ್ಷಿಣಕ್ಕೆ ಹೊರಳಿ ಭೈರಮಂಗಲದ ದಾರಿ ಹಿಡಿಯುತ್ತದೆ.

ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಾಲಯ ಈ ಜೊತೆಗಾರಿಕೆಯ ಹಳೆಯ ಸಾಕ್ಷಿ. ವೃಷಭಾವತಿಗೆ ಪಶ್ಚಿಮವಾಹಿನಿ ಸೇರುತ್ತಿದ್ದ ಜಾಗದಲ್ಲಿ, ದಾರಿಯ ಅಂಚಿನಲ್ಲೇ ಅದು ಇದೆ. ಮೂರ್ತಿಯನ್ನು 1425ರಲ್ಲಿ ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ಸ್ಥಳಪ್ರತೀತಿ. ವ್ಯಾಸರಾಯರು ಹುಟ್ಟಿದ್ದೇ 1460ರ ಸುಮಾರಿಗೆ, ಆದ್ದರಿಂದ ವರ್ಷ ಮತ್ತು ಹೆಸರು ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಪ್ರತೀತಿಯನ್ನು ಅಲ್ಲಗಳೆಯುವ ಅವಸರ ನಮಗಿಲ್ಲ. ಪಯಣಿಗರು ನಿಲ್ಲುವ ನೀರಿನ ತಾಣ, ಅಲ್ಲೊಬ್ಬ ಹನುಮ ಎಂಬುದು ದಾರಿಗಳ ಚರಿತ್ರೆಯಲ್ಲಿ ಸಹಜವಾದ ಜೋಡಿ. ಜೋರು ಮಳೆಯಾದಾಗ ರಾಜಕಾಲುವೆ ಉಕ್ಕಿ ಈ ಗುಡಿಯೊಳಗೆ ನೀರು ನುಗ್ಗುವುದು ಇಂದಿಗೂ ಸುದ್ದಿಯಾಗುತ್ತದೆ. ಕಾಂಕ್ರೀಟು ಎಷ್ಟೇ ಮುಚ್ಚಿದರೂ ಇದು ನದಿಯ ಪಾತ್ರ ಎಂಬುದನ್ನು ಗೊತ್ತುಪಡಿಸಲು ಬೇರೆ ನಕ್ಷೆ ಬೇಡ.

ಹದಿನೆಂಟನೆಯ ಶತಮಾನದಲ್ಲಿ ಇದು ಶ್ರೀರಂಗಪಟ್ಟಣದ ದಾರಿ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ರಾಜಧಾನಿಯ ಮೇಲೆ ಹೊರಟಾಗ ಚನ್ನಪಟ್ಟಣದ ನೇರ ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಬಳಸುದಾರಿ ಹಿಡಿದ. ನೇರ ದಾರಿಯಲ್ಲಿ ರಾಮಗಿರಿ, ಶಿವನಗಿರಿಯ ಬೆಟ್ಟಗಳ ಆಸರೆಯಲ್ಲಿ ಟಿಪ್ಪುವಿನ ಸೈನ್ಯ ಕಾದಿತ್ತು. ಬಳಸುದಾರಿಯಲ್ಲಿ ಮೇವಿಲ್ಲದೆ, ಎತ್ತುಗಳು ಸತ್ತು, ಕೊನೆಗೆ ಭಾರದ ತೋಪುಗಳನ್ನು ತಾನೇ ನಾಶಮಾಡಿ ಅವನು ಹಿಂದಿರುಗಬೇಕಾಯಿತು. ಯುದ್ಧಚರಿತ್ರೆಕಾರರು ಇದನ್ನು ಸರಬರಾಜಿನ ಸೋಲು ಎನ್ನುತ್ತಾರೆ. ರಸ್ತೆಯ ಚರಿತ್ರೆಗೆ ಅದು ತಿಳಿಸುವುದು ಬೇರೆ: ದೊಡ್ಡ ದಂಡು, ಭಾರದ ಗಾಡಿ ಸಾಗಲು ಇದ್ದ ಹದವಾದ ದಾರಿ ಒಂದೇ, ಅದನ್ನು ಹಿಡಿದವನ ಕೈ ಮೇಲು ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯ ರಾಮಗಿರಿಯ ಬುಡದಲ್ಲಿ ಹೊಸ ಪೇಟೆ ಕಟ್ಟಿಸಿ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು. ಕಾಡು ಬೆಳೆದಿದ್ದ ಆ ಭಾಗದಲ್ಲಿ ಹೆದ್ದಾರಿಗೆ ಭದ್ರತೆ ಬೇಕೆಂಬುದೇ ಕ್ಲೋಸ್‌ಪೇಟೆಯ ಸ್ಥಾಪನೆಗೆ ಗ್ಯಾಸೆಟಿಯರ್ ಕೊಡುವ ಕಾರಣ. ಅದೇ ಇಂದಿನ ರಾಮನಗರ. ಅದೇ ವರ್ಷದ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಈ ಮಾರ್ಗದಲ್ಲೇ ಹೋದ. ರಸ್ತೆಗಾಗಿ ಊರು ಹುಟ್ಟಿದ್ದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಹಳೆಯ ಮೈಸೂರಿನಲ್ಲಿ ವಿರಳ. ಎರಡು ಶತಮಾನದ ಮೇಲೆ ಅದೇ ಹೆದ್ದಾರಿ ಆ ಊರನ್ನು ಹೊರಗಿಟ್ಟು ಸಾಗಿದ್ದನ್ನು ಮುಂದೆ ನೋಡಲಿದ್ದೇವೆ.

ಕಮಿಷನರ್ ಆಳ್ವಿಕೆಯ ಕಾಲವನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1600 ಮೈಲಿ ರಸ್ತೆಯಾಯಿತು, 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ಸಾಲುಮರ, ಮೈಲಿಗಲ್ಲು, ಮೋರಿಗಳ ಶಿಸ್ತು ಬಂದದ್ದು ಆಗ. ಹೆಚ್ಚು ಗಮನಿಸಬೇಕಾದದ್ದು ಅನಂತರದ ರೈಲು. 1876–78ರ ಭೀಕರ ಕ್ಷಾಮದ ಬೆನ್ನಿಗೆ ಕೆಲಸ ಹಿಡಿದು, 1882ರಲ್ಲಿ ಮೈಸೂರು ಮುಟ್ಟಿದ ಮೀಟರ್‌ಗೇಜ್ ಮಾರ್ಗ ಬೆಂಗಳೂರಿನಿಂದ ಹೊರಬೀಳಲು ಆರಿಸಿಕೊಂಡದ್ದು ಇದೇ ಕಣಿವೆಯನ್ನು. ಉಗಿಬಂಡಿಗೆ ಎತ್ತುಗಾಡಿಗಿಂತಲೂ ನಯವಾದ ಇಳಿಜಾರು ಬೇಕು. ನಾಯಂಡಹಳ್ಳಿ, ಕೆಂಗೇರಿ, ಬಿಡದಿ, ಎಲ್ಲ ಕಡೆಯೂ ನಿಲ್ದಾಣ ರಸ್ತೆಯಿಂದ ನಡೆದು ಮುಟ್ಟುವಷ್ಟು ದೂರ. ದೂರದ ಸರಕು, ದೂರದ ಪ್ರಯಾಣಿಕ ರೈಲಿಗೆ ಹೋದ ಮೇಲೆ ರಸ್ತೆಗೆ ಉಳಿದದ್ದು ಹಳ್ಳಿಗಳಿಂದ ಪೇಟೆಗೆ ಬರುವ ಸೊಪ್ಪು, ಸೌದೆ, ರೇಷ್ಮೆಗೂಡಿನ ಓಡಾಟ. ನಾವು ಹೇಳುವ ದರ್ಜೆ ಇಳಿಕೆಯ ಮೊದಲ ನಿದರ್ಶನ ಇದು. ಮೋಟಾರು ಬಂದು ಆ ದರ್ಜೆಯನ್ನು ಮರಳಿ ಕೊಡಿಸಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ರಸ್ತೆಗೆ ಸಿಕ್ಕಿದ್ದು ಕಾರ್ಖಾನೆ ಮತ್ತು ಕೊಳಚೆ. 1892ರಲ್ಲಿ ಚಾಮರಾಜಪೇಟೆ ಬಡಾವಣೆಯಾದಾಗ ಪೇಟೆಯ ಕೋಟೆಯಾಚೆಗೆ ನಗರ ಕಾಲಿಟ್ಟಿತ್ತು. 1933ರಲ್ಲಿ ಆರಂಭವಾದ ಸರ್ಕಾರಿ ವಿದ್ಯುತ್ ಕಾರ್ಖಾನೆ, ಅಂದರೆ ಇಂದಿನ ಕವಿಕಾ, ಇದೇ ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ತಯಾರಿಸಿತು. ಬಳಿಕ ಬಿಎಚ್‌ಇಎಲ್ ಬಂತು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಗೃಹ ಮಂಡಳಿಯ ಕೆಂಗೇರಿ ಉಪನಗರ ಒಂದರ ಹಿಂದೊಂದು ಬಂದವು. ಬಸ್ಸುಗಳಿಗೆ ಸ್ಯಾಟಲೈಟ್ ನಿಲ್ದಾಣವಾಯಿತು. ನಗರದ ಪಶ್ಚಿಮ ಭಾಗದ ಒಳಚರಂಡಿಯೂ ಇಳಿಜಾರನ್ನೇ ನಂಬಿಕೊಂಡಿತ್ತು. ಮನೆಗಳ ಕೊಳಚೆ, ಪೀಣ್ಯದ ಕೈಗಾರಿಕಾ ತ್ಯಾಜ್ಯ ಎಲ್ಲವೂ ವೃಷಭಾವತಿಗೆ ಸೇರಿದ್ದರಿಂದ ಸಂಸ್ಕರಣಾ ಘಟಕವನ್ನೂ ನಾಯಂಡಹಳ್ಳಿಯ ಬಳಿ ಇದೇ ರಸ್ತೆಯ ಮಗ್ಗುಲಲ್ಲಿ ಕಟ್ಟಬೇಕಾಯಿತು. ಮೈಸೂರಿನಿಂದ ಬರುವ ಬಸ್ಸಿನಲ್ಲಿ ನಿದ್ದೆಹೋದವರಿಗೂ ಬೆಂಗಳೂರು ಬಂತೆಂದು ಮೊದಲು ತಿಳಿಸುತ್ತಿದ್ದುದು ಮೂಗು.

ರಾಜ್ಯ ಹೆದ್ದಾರಿಯಾಗಿ ಇದರ ಉಚ್ಛ್ರಾಯ ಕಾಲ 2000ದ ಆಚೀಚೆ. ಮಾರುಕಟ್ಟೆಯಿಂದ ಸಿರ್ಸಿ ವೃತ್ತದಾಚೆಗೆ 2.65 ಕಿ.ಮೀ. ಉದ್ದದ ಮೇಲ್ಸೇತುವೆ 1999ರಲ್ಲಿ ತೆರೆಯಿತು. ಅದೇ ವರ್ಷ ರಾಜ್ಯ ಸರ್ಕಾರ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಮದ್ದೂರು ಸೀಮೆಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ ಹೆದ್ದಾರಿ 17 ಚತುಷ್ಪಥವಾಗತೊಡಗಿತು. ಸಾಲುಮರಗಳು ಉರುಳಿದವು. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಗೆ ಉತ್ಪಾದನೆ ತೊಡಗಿದ್ದು, 2005ರಲ್ಲಿ ವಂಡರ್‌ಲಾ ಬಂದದ್ದು ಈ ಹಿನ್ನೆಲೆಯಲ್ಲಿ. ಇದಕ್ಕೆ ಪರ್ಯಾಯವಾಗಿ 1995ರಲ್ಲೇ ಒಪ್ಪಂದದ ಮಾತು ಆರಂಭವಾಗಿದ್ದ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಕಥೆಯೂ ಇಲ್ಲೇ ಹಾಯುತ್ತದೆ. 1997ರ ಮೂಲ ಒಪ್ಪಂದವನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೊರವರ್ತುಲದ ನೈಸ್ ರಸ್ತೆಯಾಯಿತು, ಮೈಸೂರಿಗೆ ಹೋಗಬೇಕಿದ್ದ ಹೆದ್ದಾರಿ ಆಗಲಿಲ್ಲ. ಆ ಹೊಸ ದಾರಿ ಬಂದಿದ್ದರೆ ದಟ್ಟಣೆ ಕಣಿವೆಯಿಂದ ಹೊರಗೆ ಹೋಗುತ್ತಿತ್ತು ಎಂಬುದು ನನ್ನ ಅಂದಾಜು. ಬಾರದೆ ಹೋದದ್ದರಿಂದ ಹೊರೆಯೆಲ್ಲ ಹಳೆಯ ಜಾಡಿನ ಮೇಲೆಯೇ ಬಿತ್ತು.

ಮುಂದಿನ ಪದರಗಳು ಅದರ ಮೇಲೇ ಎದ್ದವು. ನಮ್ಮ ಮೆಟ್ರೊ 2015ರಲ್ಲಿ ಮೈಸೂರು ರಸ್ತೆ ನಿಲ್ದಾಣಕ್ಕೆ, 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂತು. ಪಟ್ಟಣಗೆರೆಯ ಬಳಿ ನಿಂತರೆ ಹೆದ್ದಾರಿಯ ನಡುವೆ ಸಾಲುಗಟ್ಟಿದ ಕಾಂಕ್ರೀಟು ಕಂಬ, ಮೇಲೆ ನೇರಳೆ ಪಟ್ಟಿಯ ರೈಲು, ಕೆಳಗೆ ಬಸ್ಸು ಲಾರಿಗಳ ಸಾಲು. ಸ್ವಲ್ಪ ಆಚೆಗೆ ಬಿಳಿ ನೊರೆ ಹೊತ್ತ ನದಿ, ಇನ್ನೊಂದು ಮಗ್ಗುಲಿಗೆ ಮೈಸೂರಿನ ರೈಲುಹಳಿ. ನಾಲ್ಕಕ್ಕೂ ಬೇರೆ ಬೇರೆ ಇಲಾಖೆ. ಕೆಂಗೇರಿಯ ಆಡಳಿತವೂ ಕೈಬದಲಾಯಿಸಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆ, 110 ಹಳ್ಳಿಗಳ ಜೊತೆ ಸೇರಿದ ಏಕೈಕ ಪುರಸಭೆ ಅದು. ಹೀಗೆ ನೈಸ್ ರಸ್ತೆಯ ಕೂಡುದಾರಿಯವರೆಗಿನ ಹಳೆಯ ಹೆದ್ದಾರಿ ನಗರದ ಬೀದಿಯಾಗಿ ಉಳಿಯಿತು. ಮಳೆನೀರು ನಿಂತರೆ ಯಾರನ್ನು ಕೇಳಬೇಕು ಎಂಬುದು ಅಂಗಡಿಯವರಿಗೆ ನಿತ್ಯದ ತಲೆನೋವು.

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ದಶಪಥ ತೊಡಗುವುದು ಆ ಕೂಡುದಾರಿಯ ಬಳಿ, ಪಂಚಮುಖಿ ಗಣಪತಿ ಗುಡಿಯ ಹತ್ತಿರ. ಪ್ರಧಾನಿ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟಿಸಿದ ಈ 118 ಕಿ.ಮೀ. ಮಾರ್ಗದಲ್ಲಿ ನಡುವೆ ಆರು ಪಥ, ಅಕ್ಕಪಕ್ಕದಲ್ಲಿ ಎರಡೆರಡು ಪಥದ ಸರ್ವಿಸ್ ರಸ್ತೆ. ವಾರ ತುಂಬುವುದರೊಳಗೆ ಬಿದ್ದ ಮಳೆಗೆ ರಾಮನಗರದ ಬಳಿ ಅಂಡರ್‌ಪಾಸ್ ಜಲಾವೃತವಾಯಿತು. ಕಣಿಮಿಣಿಕೆ, ಶೇಷಗಿರಿಹಳ್ಳಿಗಳಲ್ಲಿ ಟೋಲ್ ಶುರುವಾದಾಗ ಪ್ರತಿಭಟನೆಗಳಾದವು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ನಡುಪಥ ನಿಷಿದ್ಧವಾಯಿತು. ಅಪಘಾತಗಳ ಲೆಕ್ಕದಲ್ಲಿ ಆ ನಿಷೇಧಕ್ಕೆ ಕಾರಣವಿತ್ತು, ಅದನ್ನು ಒಪ್ಪೋಣ. ಆದರೆ ಅದರ ಪರಿಣಾಮವಾಗಿ ಒಂದೇ ಜಾಡು ಎರಡು ಬಗೆಯ ಜನಕ್ಕೆ ಹಂಚಿಹೋಯಿತು. ಹಾದುಹೋಗುವವರಿಗೆ ನಡುಪಥ, ಅಲ್ಲೇ ಬಾಳುವವರಿಗೆ ಪಕ್ಕದ ರಸ್ತೆ ಅಥವಾ ಊರೊಳಗಿನ ಹಳೆಯ ಹೆದ್ದಾರಿ.

ಬಿಡದಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅಲ್ಲಿನ ತಟ್ಟೆ ಇಡ್ಲಿಯ ಹೋಟೆಲುಗಳು ಬೆಳೆದದ್ದು ಊರ ನಡುವೆ ಹಾಯುತ್ತಿದ್ದ ಹೆದ್ದಾರಿಯ ಇಕ್ಕೆಲದಲ್ಲಿ. ಬೆಳಗಿನ ಜಾವ ಹೊರಟ ಕಾರು, ಬಸ್ಸು ನಿಂತು, ಅಟ್ಟಣಿಗೆಯ ಪಾತ್ರೆಯಿಂದ ಹಬೆಯೊಂದಿಗೆ ಇಳಿದ ಅಂಗೈಗಿಂತ ಅಗಲದ ಇಡ್ಲಿಯ ಮೇಲೆ ಬೆಣ್ಣೆ ಕರಗುವಷ್ಟರಲ್ಲಿ ತಿಂದು ಹೊರಡುವುದು ರೂಢಿಯಾಗಿತ್ತು. ಬೈಪಾಸ್ ಆದ ಮೇಲೆ ಆ ವಾಹನಗಳು ಊರಿನ ಹೊರಗೇ ಹೋಗುತ್ತವೆ. ತಿನ್ನಬೇಕೆಂದೇ ಬರುವವರು ಮಾತ್ರ ಇಳಿಯುತ್ತಾರೆ. ರಾಮನಗರ, ಚನ್ನಪಟ್ಟಣದ್ದೂ ಇದೇ ಪಾಡು. ದಾರಿಯ ಭದ್ರತೆಗೆಂದು ಕಟ್ಟಿದ ಕ್ಲೋಸ್‌ಪೇಟೆಯ ಹೊರಗೇ ಈಗ ಹೆದ್ದಾರಿ ಹಾಯುತ್ತದೆ, ಚನ್ನಪಟ್ಟಣದ ಗೊಂಬೆ ಅಂಗಡಿಗಳ ಮುಂದೆ ಮೈಸೂರಿನ ಬಸ್ಸಿನ ಸಾಲಿಲ್ಲ.

ವಿಚಿತ್ರವೆಂದರೆ ಹೆದ್ದಾರಿ ಊರುಗಳನ್ನು ಬಿಟ್ಟ ಕಾಲದಲ್ಲೇ ನಗರ ಅವುಗಳನ್ನು ಹಿಡಿದುಕೊಂಡಿತು. ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಬಿಡದಿಯ ಸಮಗ್ರ ಉಪನಗರಕ್ಕಾಗಿ ಭೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಜಮೀನು ಗುರುತಾಗಿದ್ದು, ರೈತರು ವಿರೋಧಿಸುತ್ತಿದ್ದಾರೆ. ಕೆಂಗೇರಿಯಲ್ಲಿ ರಸ್ತೆಯನ್ನು ಬಿಟ್ಟುಹೋದ ವೃಷಭಾವತಿ ಬಂದು ಸೇರುವುದೂ 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಈ ಭೈರಮಂಗಲ ಜಲಾಶಯಕ್ಕೆ. ಅಚ್ಚುಕಟ್ಟಿನ ಗದ್ದೆಗಳಿಗೆ ದಶಕಗಳಿಂದ ಹರಿದದ್ದು ನಗರದ ಕೊಳಚೆ ಬೆರೆತ ನೀರು. ಅದು ಕೆರೆಯೊಳಗೆ ಇಳಿಯದೆ ಹೊರಗಿನಿಂದಲೇ ಮುಂದೆ ಹೋಗುವಂತೆ ಈಚೆಗೆ ಬಳಸುಗಾಲುವೆಯ ಯೋಜನೆಯನ್ನು ಕೈಗೆತ್ತಿಕೊಳ್ಳಲಾಯಿತು.