ನಿಂತು ತಿನ್ನುವ ಅಂಗಡಿ

ಪ್ರಭು ಯೇಸು ಕಲಿಸಿದ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಹೇಳುವವರು ದಿನದ ‘ಬ್ರೆಡ್’ ಬೇಡುತ್ತಾರೆ. ಕನ್ನಡದಲ್ಲಿ ಹೇಳುವ ನಾವು ‘ಆಹಾರ’ ಬೇಡುತ್ತೇವೆ. ಈ ವ್ಯತ್ಯಾಸವನ್ನು ನೀವು ಎಂದಾದರೂ ಗಮನಿಸಿದ್ದೀರಾ? ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ. ಅಂದಿನ ಬಳ್ಳಾರಿಯ ಓದುಗನಿಗೆ ‘ರೊಟ್ಟಿ’ ಎಂದರೆ ಹೆಂಚಿನ ಮೇಲೆ ಬೆಂದ ಜೋಳದ ರೊಟ್ಟಿ. ಮೈಸೂರು ಸೀಮೆಯವನಿಗೆ ಅದು ರಾಗಿಯದೋ ಅಕ್ಕಿಯದೋ ಆಗಿರುತ್ತಿತ್ತು. ಹುಳಿಹಿಟ್ಟಿನಿಂದ ಉಬ್ಬಿ, ಮುಚ್ಚಿದ ಭಟ್ಟಿಯಲ್ಲಿ ಬೆಂದ ಗೋಧಿಯ ರೊಟ್ಟಿಯನ್ನು ಅವರಲ್ಲಿ ಬಹುಪಾಲು ಜನ ಕಂಡೇ ಇರಲಿಲ್ಲ. ಸುವಾರ್ತೆಯಲ್ಲಿ ಬೇರೆಡೆ ‘ರೊಟ್ಟಿ’ ಎಂದೇ ಬರೆದವರು ಪ್ರಾರ್ಥನೆಯಲ್ಲಿ ‘ಆಹಾರ’ ಎಂದದ್ದು ನನಗಂತೂ ವಿವೇಕದ ಮಾತಾಗಿಯೇ ತೋರುತ್ತದೆ.

ಇಂದು ಆ ಪರದೇಶದ ರೊಟ್ಟಿ ದೊರೆಯದ ಹೋಬಳಿ ಕೇಂದ್ರವಿಲ್ಲ. ಬಸ್ ನಿಲ್ದಾಣದ ಎದುರಿಗೆ ಒಂದು ಬೇಕರಿ, ಅದರ ಗಾಜಿನ ಕಪಾಟಿನಲ್ಲಿ ಖಾರಾ ಬನ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಪಫ್, ಮೇಲೆ ಸಾಲಾಗಿ ರಸ್ಕಿನ ಪೊಟ್ಟಣಗಳು. ಮಕ್ಕಳನ್ನು ಕರೆದುಕೊಂಡು ಪ್ರಯಾಣ ಹೊರಟ ತಂದೆಯೋ ತಾಯಿಯೋ ಅಲ್ಲಿ ನಿಲ್ಲದೆ ಮುಂದೆ ಹೋಗುವುದು ಅಪರೂಪ. ಈ ಚಿಕ್ಕ ಅಂಗಡಿ ನಮ್ಮ ದಾರಿಗಳಿಗೆ ಬಂದು ಸೇರಿದ ಬಗೆಯನ್ನು ನಿಮ್ಮೊಡನೆ ಸ್ವಲ್ಪ ವಿವರವಾಗಿ ನೋಡಬೇಕೆಂಬುದು ನನ್ನ ಆಸೆ.

ಮೊದಲು ಕರಾವಳಿ. 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರು ತಮ್ಮ ‘ಪಾಂವ್’ ಅನ್ನು ಜೊತೆಯಲ್ಲಿಯೇ ತಂದರು. ಇಂದಿನ ಪಾವ್ ಭಾಜಿಯ ಪಾವ್ ಅದೇ. ಬಲಿಪೂಜೆಗೆ ಗೋಧಿಯ ಅಪ್ಪ ಬೇಕಿತ್ತು, ಊಟಕ್ಕೆ ರೊಟ್ಟಿ ಬೇಕಿತ್ತು. ಅವರ ನಾಡಿನ ಈಸ್ಟ್ ಇಲ್ಲಿ ಸಿಗದಾಗ ಹಿಟ್ಟನ್ನು ಉಬ್ಬಿಸಲು ತೆಂಗಿನ ಕಳ್ಳು ನೆರವಿಗೆ ಬಂದಿತು. ಸಾಲ್ಸೆಟ್ ತಾಲೂಕಿನ ಮಜೋರ್ಡಾ ಗ್ರಾಮದವರಿಗೆ ಯೇಸುಸಭೆಯ ಗುರುಗಳು ಈ ವಿದ್ಯೆಯನ್ನು ಕಲಿಸಿದರೆಂದು ಗೋವೆಯವರು ಹೇಳುತ್ತಾರೆ. ಅಲ್ಲಿ ರೊಟ್ಟಿ ಸುಡುವವನಿಗೆ ‘ಪದೇರ್’ ಎಂಬ ಹೆಸರಾಯಿತು. ಸೈಕಲ್ಲಿನ ಹಾರ್ನ್ ಒತ್ತುತ್ತ ಮುಂಜಾನೆ ಮನೆಮನೆಗೆ ಬರುವ ಪದೇರನನ್ನು ನೀವು ಗೋವೆಯ ಹಳ್ಳಿಗಳಲ್ಲಿ ಈಗಲೂ ಕಾಣಬಹುದು.

ಆದರೆ ಈ ರೊಟ್ಟಿಗೆ ಇನ್ನೊಂದು ಮುಖವೂ ಇತ್ತು, ಅದನ್ನು ನಾವು ಮರೆಮಾಚಬಾರದು. ಊರಿನ ಬಾವಿಗೆ ರೊಟ್ಟಿಯ ತುಂಡನ್ನು ಹಾಕಿ, ಆ ನೀರು ಕುಡಿದವರೆಲ್ಲ ಜಾತಿಗೆಟ್ಟರೆಂದು ಮಾಡಿ, ಇಡೀ ಊರನ್ನೇ ಮತಾಂತರಿಸಿದರೆಂಬ ಕಥೆ ಕೊಂಕಣ ತೀರದಲ್ಲಿ ಇಂದಿಗೂ ಕೇಳಿಬರುತ್ತದೆ. ಇದರಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಇಂತಹ ಕಥೆಯೊಂದು ಹುಟ್ಟಿ ಬಾಳಿತೆಂಬುದೇ ಸಾಕಷ್ಟು ಹೇಳುತ್ತದೆ. ಕಳ್ಳು ಬೆರೆತ, ಅನ್ಯರು ನಾದಿದ, ಪರದೇಶಿಯರ ಬಾಯಿಗೆ ಹೋಗುವ ಪದಾರ್ಥ ಅದು. ಅದನ್ನು ಮುಟ್ಟಿದವನು ಒಂದು ಕಡೆ, ಮುಟ್ಟದವನು ಇನ್ನೊಂದು ಕಡೆ. ಮನುಷ್ಯರನ್ನು ಬೇರ್ಪಡಿಸುವ ಗೆರೆಯಾಗಿಯೇ ರೊಟ್ಟಿ ನಮ್ಮ ನಾಡಿಗೆ ಕಾಲಿಟ್ಟಿತು.

ಘಟ್ಟದ ಮೇಲಿನ ಕಥೆ ಬೇರೆ. 1809ರಲ್ಲಿ ಬ್ರಿಟಿಷರು ತಮ್ಮ ಸೇನೆಯನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದು ದಂಡುಪ್ರದೇಶವನ್ನು ಕಟ್ಟಿದರು. ಬಿಳಿಯ ಸೈನಿಕನಿಗೆ ದಿನವೂ ರೊಟ್ಟಿ ಬೇಕು, ಆದ್ದರಿಂದ ದಂಡಿನಲ್ಲಿ ಭಟ್ಟಿಗಳು ಎದ್ದವು. ಆದರೆ ದಂಡು ಬೇರೆ, ಪೇಟೆ ಬೇರೆ. ದಂಡಿನ ರೊಟ್ಟಿ ಪೇಟೆಯ ಮನೆಗಳನ್ನು ಸುಲಭವಾಗಿ ಪ್ರವೇಶಿಸಲಿಲ್ಲ. ಆ ಗೆರೆಯನ್ನು ದಾಟಿಸಿದವರು ದೊರೆಗಳೂ ಅಲ್ಲ, ಮಿಷನರಿಗಳೂ ಅಲ್ಲ. ಹಾಸನ ಸೀಮೆಯಿಂದ ಹೊಟ್ಟೆಪಾಡಿಗೆ ಬಂದ ಶ್ರೀವೈಷ್ಣವರೊಬ್ಬರು.

ಎಚ್. ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಸಿಹಿತಿಂಡಿಯ ಅಂಗಡಿಯನ್ನು ನಡೆಸುತ್ತಿದ್ದರಂತೆ. ಅಲ್ಲಿಗೆ ಬರುತ್ತಿದ್ದ ಇಂಗ್ಲಿಷ್ ಗಿರಾಕಿಯೊಬ್ಬರು ಅವರಿಗೆ ವೆಸ್ಟ್ ಎಂಡ್ ಹೋಟೆಲಿನ ಅಡುಗೆಮನೆಯಲ್ಲಿ ಬೇಕರಿಯ ಕೆಲಸವನ್ನು ಕಲಿಯಲು ದಾರಿ ಮಾಡಿಕೊಟ್ಟರೆಂದು ಹೇಳಲಾಗುತ್ತದೆ. 1898ರಲ್ಲಿ ಅಣ್ಣತಮ್ಮಂದಿರು ಸೇರಿ ‘ಬೆಂಗಳೂರು ಬ್ರದರ್ಸ್ ಬೇಕರಿ’ಯನ್ನು ತೆರೆದರು. ಬಿ. ಬಿ. ಬೇಕರಿ ಎಂದು ಜನ ಕರೆದದ್ದು ಅದನ್ನೇ. ಅದೇ ವರ್ಷ ಬೆಂಗಳೂರಿಗೆ ಪ್ಲೇಗ್ ಮಾರಿ ಬಂದು ಪೇಟೆಯ ಜನ ಮನೆ ಬಿಟ್ಟು ಓಡಿದರೆಂಬುದನ್ನು ನೆನೆದರೆ, ಹೊಸ ಅಂಗಡಿ ಉಳಿದುಕೊಂಡದ್ದೇ ಆಶ್ಚರ್ಯ.

ಅವರ ಕೈಯಲ್ಲಿ ರೊಟ್ಟಿಯ ಸ್ವಭಾವ ಬದಲಾಯಿತು. ಮೊಟ್ಟೆಯನ್ನು ಬಿಟ್ಟರು. ಬನ್ನಿನ ಹಿಟ್ಟಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ, ಕರಿಬೇವು ಸೇರಿದವು. ಎರಡು ಪದರದ ನಡುವೆ ತೆಂಗಿನತುರಿ ಸಕ್ಕರೆ ತುಂಬಿದಾಗ ದಿಲ್‌ಪಸಂದ್ ಆಯಿತು. ಅದರಲ್ಲಿ ಕೆಂಪು ಹಸಿರಾಗಿ ಹೊಳೆಯುವ ಟೂಟಿ ಫ್ರೂಟಿ ಯಾವ ವಿದೇಶಿ ಹಣ್ಣೂ ಅಲ್ಲ, ಸಕ್ಕರೆ ಪಾಕದಲ್ಲಿ ಬೆಂದ ಪರಂಗಿಕಾಯಿ. ಹನಿ ಕೇಕಿನಲ್ಲಿ ಜೇನಿಗಿಂತ ಸಕ್ಕರೆ ಪಾಕವೇ ಹೆಚ್ಚು. ಇನ್ನು ಖಾರ ಬೆರೆಸಿದ ಕಡಲೆಬೀಜಕ್ಕೆ ‘ಕಾಂಗ್ರೆಸ್’ ಎಂಬ ಹೆಸರು ಬಂದದ್ದು 1969ರಲ್ಲಿ ಆ ಪಕ್ಷ ಎರಡು ಹೋಳಾದಾಗ, ಬೀಜವೂ ಎರಡು ಹೋಳಾಗಿರುವುದರಿಂದ, ಎಂಬುದೊಂದು ವಿನೋದದ ವಿವರಣೆ. ನಿಜವಿರಲಿ ಇಲ್ಲದಿರಲಿ, ಹೆಸರು ಮಾತ್ರ ಆ ಪಕ್ಷದ ಹಲವು ಬಣಗಳಿಗಿಂತ ಹೆಚ್ಚು ಕಾಲ ಬಾಳಿದೆ.

ಒಬ್ಬರು ಕಲಿತದ್ದನ್ನು ನಂಟರು ಕಲಿತರು. ಹಾಸನದ ಸುತ್ತಣ ಹಳ್ಳಿಗಳಿಂದ ಹುಡುಗರು ಬೆಂಗಳೂರಿನ ಭಟ್ಟಿಮನೆಗಳಿಗೆ ಬಂದು, ಹಿಟ್ಟು ನಾದಿ, ಕೆಲವು ವರ್ಷಗಳಲ್ಲಿ ತಮ್ಮದೇ ಅಂಗಡಿಯನ್ನು ತೆರೆದರು. ಹೀಗೆ ಊರಿಂದೂರಿಗೆ ‘ಅಯ್ಯಂಗಾರ್ ಬೇಕರಿ’ ಎಂಬ ಹಲಗೆ ಹಬ್ಬಿತು. ಬೇಕರಿಯ ಚರಿತ್ರೆ ಇವರೊಬ್ಬರದೇ ಅಲ್ಲವೆಂಬುದನ್ನೂ ಹೇಳಬೇಕು. ತಲಚೇರಿಯಲ್ಲಿ ಮಾಂಬಳ್ಳಿ ಬಾಪು 1880ರಲ್ಲಿಯೇ ಬಿಸ್ಕತ್ತಿನ ಕಾರ್ಖಾನೆ ತೆರೆದಿದ್ದರು. ಬೆಂಗಳೂರಿನ ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರಲ್ಲಿ ಮುಸ್ಲಿಮ್ ಕುಟುಂಬವೊಂದು ಆರಂಭಿಸಿದ್ದು. ಆದರೂ ಒಳನಾಡಿನ ಸಣ್ಣ ಊರುಗಳಿಗೆ ಬನ್ನನ್ನು ಒಯ್ದ ಕೀರ್ತಿಯಲ್ಲಿ ದೊಡ್ಡ ಪಾಲು ಹಾಸನದವರಿಗೆ ಸಲ್ಲಬೇಕು.

ಈಗ ನನಗೆ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಆ ಕಾಲದ ಹೋಟೆಲಿನ ಒಳಗನ್ನು ಕಲ್ಪಿಸಿಕೊಳ್ಳಿ. ಹೋಟೆಲೆಂದರೆ ಕುಳಿತು ತಿನ್ನುವ ಸ್ಥಳ. ಕುಳಿತು ತಿನ್ನುವುದೆಂದ ಕೂಡಲೆ ಯಾರ ಪಕ್ಕದಲ್ಲಿ ಯಾರು ಎಂಬ ಪ್ರಶ್ನೆ ಏಳುತ್ತದೆ. ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಹೊರಗಿನ ಪಡಸಾಲೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಬೀದಿಯ ಬದಿ ಮತ್ತು ಬೇರೆ ಲೋಟ. ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹಗಳನ್ನು ಹೆಸರಿಸಿಯೇ ಬರೆಯಬೇಕಾಯಿತೆಂದರೆ ಆ ನೋವು ಎಷ್ಟು ವ್ಯಾಪಕವಾಗಿತ್ತೆಂದು ಊಹಿಸಬಹುದು. 1950ರಲ್ಲಿ ಸಂವಿಧಾನ ಜಾರಿಗೆ ಬಂದಿತು, ಅಸ್ಪೃಶ್ಯತೆಯನ್ನು ದಂಡಾರ್ಹ ಅಪರಾಧವೆಂದು ಸಾರುವ ಕಾಯಿದೆ 1955ರಲ್ಲಿ ಬಂದಿತು. ಬೆಂಚು ಮಾತ್ರ ಎಷ್ಟೋ ಊರುಗಳಲ್ಲಿ ಹೊರಗೇ ಉಳಿಯಿತು.

ಬೇಕರಿಯಲ್ಲಿ ಬೆಂಚೇ ಇರಲಿಲ್ಲ. ಎಲೆಯಿಲ್ಲ, ಪಂಕ್ತಿಯಿಲ್ಲ, ತೊಳೆಯಬೇಕಾದ ಲೋಟವಿಲ್ಲ. ಗಾಜಿನ ಕಪಾಟಿನ ಆಚೆ ಮಾರುವವನು, ಈಚೆ ಕೊಳ್ಳುವವನು. ಕಾಗದದ ಚೂರಿನ ಮೇಲೆ ಬನ್ನು ಬರುತ್ತದೆ, ಬೀದಿಯಲ್ಲಿ ನಿಂತು ತಿಂದು ಕಾಗದವನ್ನು ಎಸೆದರೆ ಮುಗಿಯಿತು. ಅಮಲ್ದಾರನೂ ಅಲ್ಲಿಯೇ ನಿಂತು ತಿನ್ನಬೇಕು, ಅವನ ಜವಾನನೂ ಅಲ್ಲಿಯೇ. ಇದನ್ನು ಯಾವ ಸುಧಾರಕನೂ ಯೋಜಿಸಲಿಲ್ಲ. ಜಾಗದ ಅಭಾವವೂ ವ್ಯಾಪಾರದ ಅನುಕೂಲವೂ ಸೇರಿ ಆದದ್ದು. ಚರಿತ್ರೆಯಲ್ಲಿ ಒಳ್ಳೆಯದು ಎಷ್ಟೋ ಸಲ ಹೀಗೆ ಯಾರೂ ಉದ್ದೇಶಿಸದೆ ಒಳಗೆ ಬರುತ್ತದೆ.

ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ. ನಮ್ಮ ತಂದೆ ಸಕಲೇಶಪುರದ ಬಳಿಯ ಕಾಫಿ ತೋಟವೊಂದರಲ್ಲಿ ಜೀಪಿನ ಚಾಲಕರಾಗಿದ್ದರು. 1970ರ ದಶಕದ ಮೊದಲ ವರ್ಷಗಳಲ್ಲಿ, ಬೇಸಿಗೆಯ ರಜೆಯಲ್ಲಿ, ಯಂತ್ರದ ಬಿಡಿಭಾಗಗಳನ್ನು ತರಲು ಬೆಂಗಳೂರಿಗೆ ಹೊರಟಾಗ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಹಾಸನ, ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ. ಮೂರು ಕಡೆಯಾದರೂ ಜೀಪು ನಿಲ್ಲುತ್ತಿತ್ತು, ಮೂರೂ ಬೇಕರಿಗಳ ಮುಂದೆ. ಹಾಸನದಲ್ಲಿ ಬೆಣ್ಣೆ ಬಿಸ್ಕತ್ತು, ಚನ್ನರಾಯಪಟ್ಟಣದಲ್ಲಿ ಖಾರಾ ಬನ್, ಕುಣಿಗಲ್ಲಿನಲ್ಲಿ ದಿಲ್‌ಪಸಂದ್. ಒಂದನ್ನು ಎರಡು ಮಾಡಿ, ತೆಂಗಿನತುರಿ ಹೆಚ್ಚಿರುವ ಹೋಳನ್ನು ನನ್ನ ಕೈಗಿಡುತ್ತಿದ್ದರು. ಯಾವ ಊರಿನ ಬನ್ನಿನಲ್ಲಿ ಉಪ್ಪು ಕಡಿಮೆ, ಯಾವ ಭಟ್ಟಿಯದು ತಳ ಸೀದಿರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮರಳುವಾಗ ಅಮ್ಮನಿಗೆ ರಸ್ಕಿನ ಪೊಟ್ಟಣ. ಚಾವಣಿಯಿಂದ ಇಳಿಬಿದ್ದ ದಾರದ ಉಂಡೆಯಿಂದ ಎಳೆದು, ವೃತ್ತಪತ್ರಿಕೆಯ ಪೊಟ್ಟಣವನ್ನು ಅಂಗಡಿಯವರು ಕಟ್ಟುವ ವೇಗವನ್ನು ನೋಡಲೆಂದೇ ನಾನು ಮುಂದೆ ನುಗ್ಗುತ್ತಿದ್ದೆ.

ಪಕ್ಕದಲ್ಲಿಯೇ ಹೋಟೆಲು, ಒಳಗಿನಿಂದ ದೋಸೆಯ ಪರಿಮಳ. ಒಮ್ಮೆ ಹಟ ಹಿಡಿದು ಕೇಳಿದೆ, ‘ಅಪ್ಪಾ, ಒಳಗೆ ಕೂತು ತಿನ್ನೋಣ.’ ಅವರು ಬನ್ನನ್ನು ಅಗಿಯುತ್ತಲೇ ಹೇಳಿದರು, ‘ಇಲ್ಲಿ ಎಲ್ಲಾರೂ ನಿಂತೇ ತಿನ್ನೋದು ಮಗಾ. ಅದೇ ಚೆಂದ.’ ಅದು ಉತ್ತರವೆಂದು ನನಗೆ ಅನ್ನಿಸಲಿಲ್ಲ. ಬಹಳ ವರ್ಷಗಳ ಮೇಲೆ ಚಿಕ್ಕಪ್ಪ ತಿಳಿಸಿದರು. ಅಪ್ಪ ಎಂಟು ಒಂಬತ್ತು ವರ್ಷದವರಿದ್ದಾಗ, ಅಜ್ಜನೊಡನೆ ಸಂತೆಗೆ ಹೋಗಿ, ಒಂದು ಹೋಟೆಲಿನ ಒಳಬೆಂಚಿನ ಮೇಲೆ ತಿಳಿಯದೆ ಕುಳಿತರಂತೆ. ಎಬ್ಬಿಸಿ ಹೊರಗೆ ಕಳುಹಿಸಿದ್ದಲ್ಲದೆ, ಅವರ ಕಣ್ಣೆದುರೇ ಆ ಬೆಂಚಿಗೆ ನೀರು ಹಾಕಿ ತೊಳೆದರಂತೆ. ಅಜ್ಜ ಜ್ಞಾನಸ್ನಾನ ಪಡೆದು ಆಗ ಹತ್ತು ವರ್ಷವಾಗಿತ್ತು. ಹೋಟೆಲಿನವರ ಲೆಕ್ಕದಲ್ಲಿ ಅದರಿಂದ ಏನೂ ಬದಲಾಗಿರಲಿಲ್ಲ. ಅಪ್ಪ ಈ ಸಂಗತಿಯನ್ನು ನಮ್ಮ ಮುಂದೆ ಒಂದು ದಿನವೂ ಆಡಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದಾಗ ಬೇಕರಿಯ ಮುಂದೆ ಜೀಪನ್ನು ನಿಲ್ಲಿಸಿದರು, ಅಷ್ಟೆ.

ಬೇಕರಿಯನ್ನು ಸಮಾನತೆಯ ದೇಗುಲವೆಂದು ಹೊಗಳಲು ನಾನು ಸಿದ್ಧನಿಲ್ಲ. ಹಲಗೆಯ ಮೇಲೆ ಬರೆದ ಜಾತಿಯ ಹೆಸರೇ ಗಿರಾಕಿಗೆ ಶುಚಿತ್ವದ ಭರವಸೆಯಾಗಿತ್ತು. ಆ ಹೆಸರಿಲ್ಲದಿದ್ದರೆ ಮಡಿವಂತರ ಮನೆಯ ಜ್ವರದ ಮಗುವಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಸಿಗುತ್ತಿತ್ತೋ ಇಲ್ಲವೋ. ಹಿಂದಿನ ಭಟ್ಟಿಮನೆಯೊಳಗೆ ಯಾರು ಹೋಗಬಹುದಿತ್ತು ಎಂಬುದೂ ಬೇರೆಯ ಪ್ರಶ್ನೆ. ಆದರೆ ಕಾಲದೊಂದಿಗೆ ಆ ಹೆಸರೂ ಸಡಿಲವಾಯಿತು. ಇಂದು ಅಯ್ಯಂಗಾರ್ ಬೇಕರಿಯೆಂಬ ಹಲಗೆ ಹಾಕಿದ ಅನೇಕ ಅಂಗಡಿಗಳನ್ನು ನಡೆಸುವವರು ಬೇರೆ ಬೇರೆ ಸಮುದಾಯದವರು. ಕೆಲವೆಡೆ ಎಗ್ ಪಫ್ ಕೂಡ ಮಾರಾಟಕ್ಕಿದೆ. ಜಾತಿಯ ಹೆಸರೊಂದು ತಿಂಡಿಯ ಬಗೆಯ ಹೆಸರಾಗಿ ಕರಗಿದ್ದನ್ನು ನಾವು ಬೇರೆಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಬಹುದು?

ಗೋಧಿಯ ಬಗ್ಗೆ ಎರಡು ಮಾತು. 1956ರ ಒಪ್ಪಂದದ ನಂತರ ಪಿ. ಎಲ್. 480 ಯೋಜನೆಯಡಿ ಅಮೆರಿಕದ ಗೋಧಿ ಹಡಗುಗಟ್ಟಲೆ ಬಂದಿತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಶಾಲೆಯಲ್ಲಿ ಕೊಡುತ್ತಿದ್ದ ಗೋಧಿ ಉಪ್ಪಿಟ್ಟನ್ನೂ ಧರ್ಮಕೇಂದ್ರದಲ್ಲಿ ಹಂಚುತ್ತಿದ್ದ ಹಾಲಿನ ಪುಡಿಯನ್ನೂ ಅವರು ಮರೆತಿರಲಾರರು. 1965ರಲ್ಲಿ ಕೇಂದ್ರ ಸರ್ಕಾರವೇ ಮಾಡರ್ನ್ ಬೇಕರೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಬ್ರೆಡ್ ತಯಾರಿಕೆಗೆ ಇಳಿಯಿತು. 2000ದಲ್ಲಿ ಅದು ಖಾಸಗಿ ಕಂಪನಿಯ ಕೈಸೇರಿತು. ಅಕ್ಕಿ ರಾಗಿಯ ನಾಡಿನಲ್ಲಿ ಮೈದಾ ಮನೆಮಾತಾದದ್ದು ಈ ದಶಕಗಳಲ್ಲಿ.

ಶಿರಾಡಿ ಘಟ್ಟವನ್ನಿಳಿದರೆ ಬೇಕರಿಯ ಭಾಷೆಯೇ ಬದಲಾಗುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರ ಕೈವಾಡವಿದೆ, ಬ್ಯಾರಿ ಮುಸ್ಲಿಮರದಿದೆ, ಮಲಯಾಳಿಗಳದಿದೆ. ಕ್ರಿಸ್ಮಸ್ ಬಂದರೆ ಕುಸ್ವಾರಿನ ಸಡಗರ. ಘಟ್ಟದ ಮೇಲಿನ ಮಗು ಮಂಗಳೂರಿನ ಹೋಟೆಲಿನಲ್ಲಿ ಬನ್ಸ್ ಕೇಳಿದರೆ, ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದ ಉಬ್ಬಿದ ಪೂರಿ ತಟ್ಟೆಯಲ್ಲಿ ಬಂದು ಕೂರುತ್ತದೆ. ನಾನು ಬನ್ನೆಂದು ಒಪ್ಪದೆ ಅತ್ತಾಗ ಅಪ್ಪ ನಕ್ಕು ಅದನ್ನೂ ಎರಡು ಮಾಡಿದ್ದರು. ಮಂಗಳೂರಿನ ಆ ಹೋಟೆಲಿನಲ್ಲಿ ನಾವು ಕುಳಿತೇ ತಿಂದೆವು. ಅದರ ಅರ್ಥವೂ ನನಗೆ ಅಂದು ತಿಳಿದಿರಲಿಲ್ಲ.

ಅಂದಿನ ರಾಷ್ಟ್ರೀಯ ಹೆದ್ದಾರಿ 48 ಈಗ 75 ಆಗಿದೆ. ರಸ್ತೆ ಅಗಲವಾಗಿ ಬೈಪಾಸುಗಳು ಬಂದ ಮೇಲೆ ಕಾರುಗಳು ಊರೊಳಗೆ ಬರಬೇಕಾಗಿಲ್ಲ. ಹಲವೆಡೆ ಸೌದೆಯ ಭಟ್ಟಿ ಹೋಗಿ ವಿದ್ಯುತ್ತಿನದು, ಡೀಸೆಲಿನದು ಬಂದಿದೆ. ನಸುಕಿನಲ್ಲಿ ಎದ್ದು ಹಿಟ್ಟು ನಾದುವ ಕೆಲಸವನ್ನು ಮಕ್ಕಳಿಗೆ ಹೊರಿಸಲು ಬೇಕರಿಯವರಿಗೂ ಮನಸ್ಸಿಲ್ಲ, ಅವರನ್ನು ಎಂಜಿನಿಯರಿಂಗ್ ಓದಿಸಿದ್ದಾರೆ. ಅದು ಅವರ ಹಕ್ಕು, ನಾವು ಕೊರಗಿ ಪ್ರಯೋಜನವಿಲ್ಲ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಬೈಪಾಸನ್ನು ಬಿಟ್ಟು ಚನ್ನರಾಯಪಟ್ಟಣದ ಪೇಟೆಗೆ ಹೊರಳಿ. ಖಾರಾ ಬನ್ ಭಟ್ಟಿಯಿಂದ ಎಷ್ಟು ಹೊತ್ತಿಗೆ ಇಳಿಯುತ್ತದೆಂದು ವಿಚಾರಿಸಿ, ಆ ಹೊತ್ತಿಗೆ ಹೋಗಿ ನಿಲ್ಲಿ. ಮಾತಿನ ನಡುವೆ ಅಂಗಡಿಯವರನ್ನು ಅವರ ಮೂಲ ಊರು ಯಾವುದೆಂದು ಕೇಳಿ. ಹಾಸನದ ಸುತ್ತಣ ಯಾವುದೋ ಹಳ್ಳಿಯ ಹೆಸರು ಬಂದರೆ, ಮೊದಲು ಅಲ್ಲಿಂದ ಹೊರಟವರು ಯಾರು, ಅವರಿಗೆ ಹಿಟ್ಟು ನಾದಲು ಕಲಿಸಿದವರು ಯಾರು ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ.