ಜವೆಗೋಧಿಯ ರೊಟ್ಟಿ, ರಾಗಿಯ ಮುದ್ದೆ

ಕಳೆದ ರಮಝಾನಿಗೆ ಮುನ್ನ ಕವಲಂದೆಯ ವಿದ್ಯಾರ್ಥಿಯೊಬ್ಬನು ನನ್ನಲ್ಲಿ ಕೇಳಿದನು: "ಹಜರತ್, ಮನೆಯಲ್ಲಿ ರಾಗಿ ಇದೆ. ಆದರೆ ಸುನ್ನತ್ ಆಹಾರ ಬಾರ್ಲಿಯಲ್ಲವೇ? ಅಬ್ಬಾಜಾನರಿಗೆ ತಲ್ಬೀನಾ ಪೊಟ್ಟಣ ಕೊಳ್ಳಬೇಕೇ?" ಅವನ ತಂದೆಗೆ ಸಕ್ಕರೆ ಕಾಯಿಲೆ, ಪೊಟ್ಟಣದ ಬೆಲೆಯೋ ಅವರ ಒಂದು ದಿನದ ಕೂಲಿಗೆ ಸಮೀಪ. ಉತ್ತರಿಸಲು ಇತಿಹಾಸವನ್ನು ತಿರುವಬೇಕಾಯಿತು.

ಬಾರ್ಲಿ, ಅಂದರೆ ಜವೆಗೋಧಿ, ಮದೀನಾದ ಸಾಮಾನ್ಯ ಜನರ ಧಾನ್ಯವಾಗಿತ್ತು. ಪ್ರವಾದಿ(ಸ)ರ ಕಾಲದಲ್ಲಿ ಜರಡಿ ಇತ್ತೇ ಎಂದು ಸಹ್ಲ್ ಬಿನ್ ಸಅದ್(ರ)ರನ್ನು ವಿಚಾರಿಸಿದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಪ್ರವಾದಿ(ಸ)ರು ಜರಡಿಯನ್ನೇ ಕಂಡಿರಲಿಲ್ಲ, ಬೀಸಿದ ಹಿಟ್ಟನ್ನು ಊದಿ, ಹಾರುವ ಹೊಟ್ಟು ಹಾರಿದ ಮೇಲೆ ಉಳಿದುದನ್ನು ನೆನೆಸಿ ತಿನ್ನುತ್ತಿದ್ದೆವು ಎಂಬುದು ಅವರ ಉತ್ತರದ ಸಾರ. ತಲ್ಬೀನಾ ರೋಗಿಯ ಹಾಗೂ ಶೋಕತಪ್ತರ ಮನಸ್ಸಿಗೆ ಸಮಾಧಾನ ನೀಡುತ್ತದೆಂದು ಆಯಿಶಾ(ರ)ರಿಂದ ವರದಿಯಾಗಿರುವುದು ನಿಜ. ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ನಿತ್ಯದ ಊಟದಲ್ಲಿ ಅವರು ಉಂಡದ್ದು ತಮ್ಮ ನೆಲದ ಒರಟು ಧಾನ್ಯವನ್ನು.

ನಮ್ಮ ನೆಲದ್ದು ರಾಗಿ. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಜನರ ಮುಖ್ಯ ಆಹಾರ ರಾಗಿಯೆಂದೂ ಅದನ್ನು ನೆಲದ ಹಗೇವುಗಳಲ್ಲಿ ವರ್ಷಗಟ್ಟಲೆ ಕಾಪಿಡುತ್ತಾರೆಂದೂ ದಾಖಲಿಸಿದನು. ಮಳೆ ಸತತವಾಗಿ ಕೈಕೊಟ್ಟ 1876–78ರ ಮಹಾಕ್ಷಾಮದಲ್ಲಿ ಹಗೇವುಗಳೂ ಸಾಲದಾದವು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ರಾಗಿಯ ಮೂಲನೆಲೆ ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ಪ್ರದೇಶವೆನ್ನುತ್ತಾರೆ. ಸಹಾಬಿಗಳಿಗೆ ಆಶ್ರಯವಿತ್ತ ಹಬಶಾ ಆ ಕಡೆಯದೇ! ಇದರಿಂದ ರಾಗಿಗೆ ಪುಣ್ಯ ಕಟ್ಟಲು ಹೊರಟಿಲ್ಲ. "ಅದು ಗೌಡರ ಊಟ, ನಮ್ಮದು ಬಿರಿಯಾನಿ" ಎನ್ನುವವರಿಗಾಗಿ ಹೇಳಿದೆ. ಅವರ ಅಜ್ಜಂದಿರು ಮುದ್ದೆ ಉಂಡೇ ಹೊಲಕ್ಕೆ ಹೋದವರು.

1974ರಲ್ಲಿ ಕಬಿನಿ ಜಲಾಶಯ ಮುಗಿದು ನಾಲೆಯ ನೀರಿನೊಡನೆ ಭತ್ತ ಹೆಚ್ಚಿತು. 2013ರಿಂದ ಅನ್ನಭಾಗ್ಯದ ಅಕ್ಕಿ ಮನೆಗೆ ಬಂತು. ಹಸಿವು ನೀಗಿದ್ದಕ್ಕೆ ಅಲ್‌ಹಮ್ದುಲಿಲ್ಲಾಹ್. ಆದರೆ ಅಕ್ಕಿ ಪಾಲಿಶ್ ಆದಾಗ ತೌಡಿನೊಡನೆ ಸತ್ವವೂ ಹೋಗುತ್ತದೆ. ರಾಗಿಯ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿರುವುದರಿಂದ ಅದನ್ನು ಇಡಿಯಾಗಿಯೇ ಬೀಸಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇವೆ. ಪಾಲಿಶ್ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ, ನಾರು 3 ಗ್ರಾಂ ಆಸುಪಾಸು. ಜರಡಿಯಿಲ್ಲದ ಮದೀನಾದ ಅಡುಗೆಮನೆ ನನಗೆ ನೆನಪಾಗುವುದು ಇಲ್ಲಿ.

ಹಾಗೆಂದು ರಾಗಿ ಔಷಧಿಯಲ್ಲ. ಅದರಲ್ಲಿಯೂ ಪಿಷ್ಟವೇ ಹೆಚ್ಚು. ದೊಡ್ಡ ಮುದ್ದೆ ಎರಡು ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಹೊಟ್ಟೆಯ ಮೂರನೆಯ ಒಂದು ಭಾಗವಷ್ಟೇ ಆಹಾರಕ್ಕೆ ಎಂಬ ತಿರ್ಮಿದಿಯ ಹದೀಸ್ ಮುದ್ದೆಗೂ ಅನ್ವಯಿಸುತ್ತದೆ.

ಆ ಹುಡುಗನಿಗೆ ಹೇಳಿದೆ: ತಂದೆಯ ಮಾತ್ರೆ ನಿಲ್ಲಿಸಬೇಡ, ಮುದ್ದೆ ಚಿಕ್ಕದಾಗಿರಲಿ. ಪೊಟ್ಟಣಕ್ಕೆಂದು ಇಟ್ಟ ಹಣದಲ್ಲಿ ಸೊಪ್ಪು, ಹುರುಳಿಕಾಳು ಕೊಂಡುಕೊಂಡು ಹೋಗು.