ಕರಿ ಎರಡು, ಬಿಳಿ ನಾಲ್ಕು: ಪರದೇಶದ ಪೇಟಿ ನಮ್ಮದಾದ ಕಥೆ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಹಳ್ಳಿ ನಾಟಕದ ತಾಲೀಮಿನಲ್ಲಿ ಹೊಸ ಪಾತ್ರಧಾರಿಗೆ ಮಾಸ್ತರರು ಮೊದಲು ಕೇಳೋದು, "ನಿನ್ನ ದನಿ ಎಷ್ಟರದಪಾ?" ಒಬ್ಬ "ಕರಿ ಎರಡು" ಅಂತಾನೆ, ಇನ್ನೊಬ್ಬ "ಬಿಳಿ ನಾಲ್ಕು" ಅಂತಾನೆ. ಕರಿ ಅಂದರೆ ಹಾರ್ಮೋನಿಯಂನ ಕಪ್ಪು ಮನೆ, ಬಿಳಿ ಅಂದರೆ ಬಿಳಿ ಮನೆ. ನಮ್ಮ ಗಂಟಲಿನ ಶ್ರುತಿಗೆ ಹೆಸರಿಡುವಷ್ಟು ಈ ಪೇಟಿ ನಮ್ಮದಾಗಿದೆ. ಆದರೆ ಇದು ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಹೊರಗಿನಿಂದ ಬಂದದ್ದು.

1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಎಂಬಾತ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕುರ್ಚಿ ಮೇಲೆ ಕೂತು ಕಾಲಿನಿಂದ ಗಾಳಿ ಒತ್ತಿ ನುಡಿಸುವ ವಾದ್ಯ. ಪಾದ್ರಿಗಳ ಜೊತೆ, ದೊರೆಗಳ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಬಂತು. ನೆಲದ ಮೇಲೆ ಕೂತು ಹಾಡುವ ನಮ್ಮವರಿಗೆ ಅದು ಒಗ್ಗಲಿಲ್ಲ. ಕೋಲ್ಕತ್ತದಲ್ಲಿ 1875ರಲ್ಲಿ ಶುರುವಾದ ದ್ವಾರಕಿನ್ ಅಂಗಡಿಯ ದ್ವಾರಕಾನಾಥ ಘೋಷ್ ಅದನ್ನು ಸಣ್ಣದು ಮಾಡಿದರು. ತಿದಿಯನ್ನು ಹಿಂದಕ್ಕೆ ಇಟ್ಟರು. ಒಂದು ಕೈ ಗಾಳಿ ಹಾಕಲಿ, ಇನ್ನೊಂದು ಕೈ ನುಡಿಸಲಿ ಅಂತ. ಅಲ್ಲಿಂದ ಪೇಟಿ ಹೆಗಲ ಮೇಲೆ ಹೊರುವಂಥದ್ದಾಯಿತು.

ನಮ್ಮ ಸೀಮೆಗೆ ಅದು ನಾಟಕದ ಸಂಗಡ ಬಂತು. 1880ರಲ್ಲಿ ಮರಾಠಿಯ ಕಿರ್ಲೋಸ್ಕರ್ ಮಂಡಳಿ 'ಸಂಗೀತ ಶಾಕುಂತಲ' ಆಡಿ ಹುಚ್ಚು ಹಿಡಿಸಿತ್ತು. ಇತ್ತ ಗದಗಿನಲ್ಲಿ ಶಾಂತಕವಿಗಳು ಮರಾಠಿಯ ಅಬ್ಬರಕ್ಕೆ ಎದುರಾಗಿ ಅದಾಗಲೇ ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಅದೇ 1880ರ ದಶಕದಲ್ಲಿ ಬಳ್ಳಾರಿ-ಗದಗ ರೈಲು ಹಳಿ ಕೊಪ್ಪಳದ ಮೇಲೆಯೇ ಹಾದುಹೋಯಿತು. ಆಗ ಗದಗ ಮುಂಬೈ ಪ್ರಾಂತ್ಯ, ಕೊಪ್ಪಳ ನಿಜಾಮರ ರಾಜ್ಯ. ನಡುವೆ ಸುಮಾರು 60 ಕಿ.ಮೀ. ಅಷ್ಟೇ, ಆದರೆ ಸರ್ಕಾರ ಬೇರೆ, ಶಾಲೆಯಲ್ಲಿ ಕಲಿಸುವ ಭಾಷೆಯೂ ಬೇರೆ. 1948ರವರೆಗೆ ನಮ್ಮ ಅಜ್ಜಂದಿರು ಶಾಲೆಗೆ ಹೋದರೆ ಎದುರಾಗುತ್ತಿದ್ದುದು ಉರ್ದು. ರಾತ್ರಿ ಆಟ ನೋಡಲು ಕೂತರೆ ಮಾತ್ರ ಕನ್ನಡ. ಅದಕ್ಕೇ ಈ ಭಾಗದಲ್ಲಿ ನಾಟಕವನ್ನು ಬರೀ ಮನರಂಜನೆ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಯಲಬುರ್ಗಾ ಸೀಮೆಯ ಕುಕನೂರಿನಲ್ಲಿ ಮುಂದೆ ರಹಿಮಾನವ್ವ ಕಲ್ಮನಿ ಎಂಬ ಹೆಣ್ಣುಮಗಳು ಸ್ವಂತ ನಾಟಕ ಕಂಪನಿಯನ್ನೇ ನಡೆಸಿದರು.

ಪೇಟಿ ಬರುವ ಮುಂಚೆ ದೊಡ್ಡಾಟದ ಹಿಮ್ಮೇಳದಲ್ಲಿ ಮದ್ದಲೆ, ತಾಳ, ಮುಖವೀಣೆ ಇರುತ್ತಿದ್ದವು. ಮುಖವೀಣೆ ಊದುವುದು ಸುಲಭದ ಕೆಲಸವಲ್ಲ. ಉಸಿರು ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ಪೇಟಿ ಹಾಗಲ್ಲ. ಅಂಗಡಿಯಲ್ಲಿ ಸಿಗುತ್ತದೆ, ಬೆಳಗಿನವರೆಗೆ ನುಡಿಸಿದರೂ ದಮ್ಮು ಹತ್ತುವುದಿಲ್ಲ, ಹಾಡುವವ ದಾರಿ ತಪ್ಪಿದರೆ ಸ್ವರ ಹಿಡಿದು ಎಳೆತರುತ್ತದೆ. ಆಟದ ಮೇಳಗಳು ಅದನ್ನು ತಬ್ಬಿಕೊಂಡವು. ಮುಖವೀಣೆ ಮೂಲೆ ಸೇರಿತು. ಇದು ನಷ್ಟವೇ, ಸುಳ್ಳು ಹೇಳಬಾರದು. ಪೇಟಿಯ ಒಳಗಿರುವುದು ಹಿತ್ತಾಳೆಯ ನಾಲಗೆಗಳು. ಒಂದೊಂದು ನಾಲಗೆ ಒಂದೇ ಸ್ವರ ನುಡಿಯುತ್ತದೆ. ಎರಡು ಸ್ವರಗಳ ನಡುವೆ ಜಾರುವುದು ಅದಕ್ಕೆ ಆಗದ ಮಾತು. ಹುಲಿಗಿಯ ಹುಲಿಗೆಮ್ಮನ ಗುಡಿ ಮುಂದೆ ಜೋಗತಿಯರ ಚೌಡಿಕೆ ಕೇಳಿದ್ದರೆ ನಿಮಗೆ ಇದು ತಟ್ಟನೆ ಹೊಳೆಯುತ್ತದೆ. ಚೌಡಿಕೆಯ ತಂತಿ ಬಿಗಿಯಾಗಿ ಸಡಿಲಾಗಿ ಹೇಗೆ ಅಳುತ್ತದೆಯೋ ಹಾಗೆ ಪೇಟಿ ಅಳಲಾರದು.

ಇದೇ ಕೊರತೆ ಹೇಳಿಯೇ 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನು ಬಾನುಲಿಯಿಂದ ಹೊರಗಿಟ್ಟಿತು. ಇದು ಭಾರತೀಯ ಸಂಗೀತಕ್ಕೆ ತಕ್ಕುದಲ್ಲ ಎಂದು ವಾದಿಸಿದವರಲ್ಲಿ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರರೂ ಇದ್ದರು, ರವೀಂದ್ರನಾಥ ಟಾಗೋರರ ಬೆಂಬಲವೂ ಇತ್ತು. ನಿಷೇಧ ಸಡಿಲವಾಗಿದ್ದು 1971ರಲ್ಲಿ. ಅಂದರೆ ಮೂವತ್ತು ವರ್ಷ ರೇಡಿಯೊಗೆ ಪೇಟಿ ಬೇಡವಾಗಿತ್ತು, ಹಳ್ಳಿಗೆ ಅದಿಲ್ಲದೆ ಭಜನೆ, ನಾಟಕ ನಡೆಯುತ್ತಿರಲಿಲ್ಲ. ಆ ವರ್ಷಗಳಲ್ಲಿಯೇ ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸುತ್ತಿತ್ತು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನು ನಡೆಸಿದರು. ಆಶ್ರಮದ ಖರ್ಚಿಗೆಂದು ನಾಟಕ ಕಂಪನಿಯನ್ನೂ ನಡೆಸಿದರು. ಅಲ್ಲಿ ಕಲಿತ ಎಷ್ಟೋ ಜನ ಊರೂರಿಗೆ ಮಾಸ್ತರರಾಗಿ ಹೋದರು.

ಇಂಥದೇ ಕಥೆ ಬಹಳ ದೂರದ ಡೊಮಿನಿಕನ್ ಗಣರಾಜ್ಯದಲ್ಲಿ ನಡೆದಿದೆ. ಅಲ್ಲಿ ಬಚಾಟಾ ಅಂತ ಒಂದು ಹಾಡು-ಕುಣಿತ. ಬಡವರು ಗಿಟಾರ್ ಹಿಡಿದು ವಿರಹ ಹಾಡುತ್ತಿದ್ದ ಸಂಗೀತ ಅದು. ಟ್ರುಹಿಯೊ ಎಂಬ ಸರ್ವಾಧಿಕಾರಿ 1961ರಲ್ಲಿ ಕೊಲೆಯಾದ ಮೇಲೆ, 1962ರಲ್ಲಿ ಹೋಸೆ ಮನುವೆಲ್ ಕಾಲ್ದೆರೋನ್ ಮೊದಲ ಧ್ವನಿಮುದ್ರಿಕೆ ಮಾಡಿದರು. ಆದರೂ ಮರ್ಯಾದಸ್ಥರು ಅದನ್ನು ಕುಡುಕರ ಹಾಡು ಅಂದರು, ಬಹುತೇಕ ರೇಡಿಯೊಗಳು ಮುಟ್ಟಲಿಲ್ಲ. 1987ರಲ್ಲಿ ಬ್ಲಾಸ್ ದುರಾನ್ ಎಲೆಕ್ಟ್ರಿಕ್ ಗಿಟಾರ್ ಹಾಕಿ ಅದರ ವೇಗವನ್ನೇ ಬದಲಿಸಿದರು. 2019ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ವಾದ್ಯ ಬದಲಾದರೂ ನುಡಿಸುವವನು ವೇದಿಕೆಯ ಮೇಲೆಯೇ ಉಳಿದ.

ನಮ್ಮಲ್ಲೂ ಬೆರಕೆ ನಿಲ್ಲಲಿಲ್ಲ. ಗದಗಿನಲ್ಲಿ ಅಚ್ಚಾದ ಹಳ್ಳಿ ನಾಟಕದ ಪುಸ್ತಕ ತೆಗೆದು ನೋಡಿ. ಹಾಡಿನ ಮೇಲೆ 'ಧಾಟಿ' ಅಂತ ಬರೆದು ಯಾವುದೋ ಸಿನಿಮಾದ ಹೆಸರು ಹಾಕಿರುತ್ತಾರೆ. ಮೊದಲು ಮರಾಠಿ ನಾಟ್ಯಗೀತದ ಧಾಟಿ, ಆಮೇಲೆ ಹಿಂದಿ ಸಿನಿಮಾ, ಆಮೇಲೆ ರಾಜಕುಮಾರ್ ಸಿನಿಮಾ. ಈಗ ಪೇಟಿಯ ಜಾಗದಲ್ಲಿ ಕೀಬೋರ್ಡ್, ತಬಲಾದ ಪಕ್ಕದಲ್ಲಿ ರಿದಮ್ ಪ್ಯಾಡ್. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ, ಆದರೂ ಮಾಸ್ತರರು ಲೆಕ್ಕ ಹಾಕುವುದು ಕರಿ-ಬಿಳಿಯಲ್ಲಿಯೇ. ಇದರ ಬಗ್ಗೆ ನನಗೆ ತಕರಾರಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ನೇ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ತೊಗಲು ಗೊಂಬೆಯಾಟದಲ್ಲಿ ಪರದೆ ಹಿಂದಿನ ಎಣ್ಣೆ ದೀಪ ಹೋಗಿ ಬಲ್ಬ್ ಬಂದಿದೆ, ಗೊಂಬೆಯ ಕೋಲು ಹಿಡಿಯುವ ಕೈ ಹೋಗಿಲ್ಲ.

ನನ್ನ ತಕರಾರು ಪೆನ್‌ಡ್ರೈವಿನ ಮೇಲೆ. ಜಾತ್ರೆಯ ನಾಟಕಕ್ಕೆ ಮೊದಲು ಮಾಸ್ತರರು ತಿಂಗಳುಗಟ್ಟಲೆ ಊರಲ್ಲಿ ಉಳಿಯುತ್ತಿದ್ದರು. ಊಟ ಒಂದು ದಿನ ಒಬ್ಬರ ಮನೆಯಲ್ಲಿ, ಗುಡಿ ಕಟ್ಟೆಯ ಮೇಲೆ ತಾಲೀಮು. ಹೊಲ ಮಾಡುವ ಹುಡುಗರು ಅವರ ಕೈಯಲ್ಲಿ ಹಾಡು ಕಲಿತರು, ಮಾತು ಕಲಿತರು. ಮುಖವೀಣೆಯವರ ಕೆಲಸ ಕಸಿದ ಪೇಟಿ ಹೀಗೆ ನೂರಾರು ಮಾಸ್ತರರಿಗೆ ಕೆಲಸ ಕೊಟ್ಟಿತ್ತು. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿದರೆ ಯಾರಿಗೂ ಕೆಲಸವಿಲ್ಲ, ಪಾತ್ರಧಾರಿ ಬರೀ ತುಟಿ ಆಡಿಸಿದರೆ ಸಾಕು. ಖರ್ಚು ಉಳಿಯುತ್ತದೆ ಅಂತ ಕಮಿಟಿಯವರು ಹೇಳುವುದು ಸುಳ್ಳಲ್ಲ, ಅವರ ಕೈಯಲ್ಲಿ ಇರುವುದೇ ಊರ ಪಟ್ಟಿಯ ದುಡ್ಡು.

ಆದರೆ ರಾತ್ರಿ ಎರಡು ಗಂಟೆಗೆ ದುರ್ಯೋಧನ ಮಾತು ಮರೆತು ನಿಂತಾಗ, ಪೇಟಿ ಮಾಸ್ತರರು ಅವನ ಮುಖ ನೋಡಿ ಎರಡು ಸುತ್ತು ಸ್ವರ ಎಳೆದು, ಪಕ್ಕದಿಂದ ಸಾಲು ಉಸುರಿ, ಅವನನ್ನು ಮತ್ತೆ ಹಾಡಿಗೆ ಹಚ್ಚುತ್ತಾರೆ. ಜನ "ವನ್ಸ್ ಮೋರ್" ಅಂದರೆ ಎಲ್ಲಿಂದ ಎತ್ತಬೇಕು ಅಂತ ಅವರಿಗೆ ಗೊತ್ತು. ಟ್ರ್ಯಾಕಿಗೆ ಅವನು ನಿಂತದ್ದೇ ತಿಳಿಯುವುದಿಲ್ಲ. ಅದು ತನ್ನ ಪಾಡಿಗೆ ಹಾಡು ಮುಗಿಸಿಬಿಡುತ್ತದೆ.